ಹೈಬ್ರಿಡ್ ತೆನೆಯ ಕಾಳು ಬೀಜಕ್ಕೆ ಆಗುತ್ತದೆಯೇ?
ಓದುಗರ ಪ್ರಶ್ನೆ, ತಜ್ಞರ ಉತ್ತರ

ಮುಂಬೈ, ಪುಣೆ, ಗೋವಾ ಓದುಗರ ಪತ್ರಗಳಲ್ಲಿ ಈ ಸಲ ಮೆಕ್ಕೆಜೋಳದ್ದೇ ಮೇಲುಗೈ. ಮುಂಗಾರು ಬಿತ್ತನೆ ಹತ್ತಿರ ಬಂದಿರುವುದರಿಂದ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಾನಿರುವುದು ಪುಣೆಯಲ್ಲಿ, ಹೊಲ ಸವಣೂರು ಕಡೆ. ಹೋದ ವರ್ಷ ಹಾಕಿದ ಹೈಬ್ರಿಡ್ ಗೋವಿನಜೋಳ ಚಲೋ ಬಂತು. ದೊಡ್ಡ ತೆನೆಗಳನ್ನೇ ಆರಿಸಿ ಕಟ್ಟಿಟ್ಟಿದ್ದೇವೆ, ಈ ವರ್ಷ ಬೀಜಕ್ಕೆ ದುಡ್ಡು ಹಾಕುವುದು ಬೇಡ ಅನ್ನುತ್ತಾರೆ ಅಣ್ಣ. ಹಾಗೆ ಮಾಡಬಹುದೇ?
— ಓದುಗರು, ಹಡಪ್ಸರ್

ಬೇಡ. ಆ ತೆನೆಗಳನ್ನು ಬಿಡಿಸಿ ಮಾರಿಬಿಡಿ.

ಅಂಗಡಿಯಿಂದ ತಂದ ಬೀಜ ಎರಡು ಇನ್‌ಬ್ರೆಡ್ ತಳಿಗಳನ್ನು (ಹಲವು ಪೀಳಿಗೆ ತಮ್ಮದೇ ಪರಾಗದಿಂದ ಬೆಳೆಸಿದ ತಳಿಗಳನ್ನು) ಕೂಡಿಸಿ ಪಡೆದ ಮೊದಲ ಪೀಳಿಗೆ, ಅಂದರೆ ಎಫ್1. ತಂದೆ ತಾಯಿ ತಳಿಗಳ ನಡುವೆ ಯಾವ ಯಾವ ಜೀನ್‌ಗಳಲ್ಲಿ ವ್ಯತ್ಯಾಸವಿದೆಯೋ ಅಲ್ಲೆಲ್ಲ ಈ ಗಿಡದಲ್ಲಿ ಎರಡು ಬೇರೆ ಬೇರೆ ರೂಪಗಳ ಜೋಡಿ ಇರುತ್ತದೆ. ಸಂಕರ ಹುರುಪು, ಅಂದರೆ ಪೋಷಕ ತಳಿಗಳನ್ನು ಮೀರಿಸುವ ಬಲ, ನಿಂತಿರುವುದು ಈ ಜೋಡಿಗಳ ಮೇಲೆ. ಹೊಲದಲ್ಲಿ ಗಿಡಗಳು ತಮ್ಮತಮ್ಮಲ್ಲೇ ಪರಾಗ ಹಂಚಿಕೊಂಡು ಕಟ್ಟಿದ ಕಾಳು ಎಫ್2. ಅಲ್ಲಿಗೆ ಬರುವಷ್ಟರಲ್ಲಿ ಸರಾಸರಿ ಅರ್ಧದಷ್ಟು ಜೋಡಿಗಳು ಒಡೆದಿರುತ್ತವೆ. ಲೆಕ್ಕ ಸುಲಭ: ಹೈಬ್ರಿಡ್ ಎಕರೆಗೆ 30 ಕ್ವಿಂಟಲ್, ಅದರ ತಂದೆ ತಾಯಿ ತಳಿಗಳ ಸರಾಸರಿ 10 ಕ್ವಿಂಟಲ್ ಎಂದಿಟ್ಟುಕೊಳ್ಳಿ. ನಡುವಿನ 20 ಕ್ವಿಂಟಲ್ ಹುರುಪಿನ ಪಾಲು. ಎಫ್2ರಲ್ಲಿ ಅದರ ಅರ್ಧ ಹೋಗಿ ಸಿಗುವುದು 20 ಕ್ವಿಂಟಲ್. ನಾಲ್ಕು ತಳಿಗಳ ಡಬಲ್ ಕ್ರಾಸ್ ಆಗಿದ್ದರೆ ಕಾಲು ಭಾಗ ಹೋಗಿ 25 ಕ್ವಿಂಟಲ್ ಉಳಿಯುತ್ತಿತ್ತು. ಮೂರು ತಳಿಯದ್ದಾದರೆ ನಷ್ಟ ಹುರುಪಿನ ಎಂಟರಲ್ಲಿ ಮೂರು ಪಾಲು. ಈಗ ಮಾರುಕಟ್ಟೆಯಲ್ಲಿರುವುದು ಬಹುಮಟ್ಟಿಗೆ ಎರಡೇ ತಳಿಗಳ ಸಿಂಗಲ್ ಕ್ರಾಸ್, ಅಂದರೆ ಹೆಚ್ಚು ಕಳೆದುಕೊಳ್ಳುವ ಜಾತಿ.

ಅಣ್ಣನವರಿಗೆ ಇನ್ನೊಂದು ಮಾತು ಹೇಳಿ. ಸಿಂಗಲ್ ಕ್ರಾಸ್ ಹೊಲದಲ್ಲಿ ದೊಡ್ಡ ತೆನೆ ಆರಿಸಿ ಏನೂ ಲಾಭವಿಲ್ಲ. ಅಲ್ಲಿನ ಗಿಡಗಳೆಲ್ಲ ಅನುವಂಶಿಕವಾಗಿ ಒಂದೇ. ಒಂದರ ತೆನೆ ದೊಡ್ಡದಾಗಿದ್ದರೆ ಅದಕ್ಕೆ ಪಕ್ಕದ ಗಿಡ ಸತ್ತು ಜಾಗ ಸಿಕ್ಕಿದ್ದೋ, ಗೊಬ್ಬರ ಒಂದು ಹಿಡಿ ಹೆಚ್ಚು ಬಿದ್ದದ್ದೋ ಕಾರಣ. ಆ ಅದೃಷ್ಟ ಬೀಜದೊಳಗೆ ಹೋಗುವುದಿಲ್ಲ.

ಎಫ್2 ಬಿತ್ತಿದ ಹೊಲ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ಗಿಡ ತಲೆಯ ಮೇಲೆ, ಪಕ್ಕದ್ದು ಎದೆಮಟ್ಟ. ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು) ಒಂದೇ ಸಲ ಬರದೆ ಎಳೆಯುತ್ತಾ ಹೋಗುತ್ತದೆ, ಕುಳ್ಳ ಗಿಡಗಳು ನೆರಳಿಗೆ ಸಿಕ್ಕಿ ಬಂಜೆಯಾಗುತ್ತವೆ. ಗೊಬ್ಬರ, ಕಳೆ, ಆಳಿನ ಖರ್ಚು ಮಾತ್ರ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಎಕರೆಗೆ ಬೇಕಾದ 8 ಕಿಲೋ ಬೀಜದ ಬೆಲೆಯನ್ನು ಕಳೆಯುವ ಕ್ವಿಂಟಲ್‌ಗಳ ಪಕ್ಕದಲ್ಲಿಟ್ಟು ನೋಡಿ.

ಕರಪತ್ರವೊಂದರಲ್ಲಿ “ಶೇ 200 ಸಂಕರ ಹುರುಪು” ಎಂದು ಅಚ್ಚು ಹಾಕಿದ್ದಾರೆ. ನಂಬಬಹುದೇ?
— ಓದುಗರು, ಭೋಸರಿ

ಸುಳ್ಳಲ್ಲದಿರಬಹುದು, ಆದರೆ ನಿಮಗೆ ಬೇಕಾದ ಅಂಕಿ ಅದಲ್ಲ. ಒಂದು ಇನ್‌ಬ್ರೆಡ್ 20 ಕ್ವಿಂಟಲ್, ಇನ್ನೊಂದು 30, ಅವುಗಳ ಹೈಬ್ರಿಡ್ 75 ಎನ್ನೋಣ. ಇಬ್ಬರ ಸರಾಸರಿ 25ಕ್ಕೆ ಹೋಲಿಸಿದರೆ ಹುರುಪು ಶೇ 200. ಉತ್ತಮ ಪೋಷಕ ತಳಿಗೆ ಹೋಲಿಸಿದರೆ ಶೇ 150. ನಿಮ್ಮ ಭಾಗದಲ್ಲಿ ಈಗಾಗಲೇ ಬೆಳೆಯುತ್ತಿರುವ ಒಳ್ಳೆಯ ಹೈಬ್ರಿಡ್ 70 ಕೊಡುತ್ತಿದ್ದರೆ, ಅದಕ್ಕೆ ಹೋಲಿಸಿ ಬರೀ ಶೇ 7. ರೈತನಿಗೆ ಲೆಕ್ಕಕ್ಕೆ ಬರುವುದು ಕೊನೆಯದು. ಇನ್‌ಬ್ರೆಡ್ ಬಡಕಲಾದಷ್ಟೂ ಮೊದಲಿನ ಅಂಕಿ ತಾನಾಗಿಯೇ ಉಬ್ಬುತ್ತದೆ.

ಕೃಷಿ ಪದವಿಯ ವಿದ್ಯಾರ್ಥಿನಿ ನಾನು. ಪರೀಕ್ಷೆಯಲ್ಲಿ ಪ್ರಾಬಲ್ಯ ಸಿದ್ಧಾಂತ, ಅತಿಪ್ರಾಬಲ್ಯ ಸಿದ್ಧಾಂತ ಎರಡನ್ನೂ ಬರೆದು ಅಂಕ ಪಡೆಯುತ್ತೇವೆ. ನಿಜವಾಗಿ ಯಾವುದು ಸರಿ?
— ಓದುಗರು, ಶಿವಾಜಿನಗರ, ಪುಣೆ

ಒಂದು ತಳಿಯ ಕೆಟ್ಟ ಜೀನನ್ನು ಇನ್ನೊಂದರ ಒಳ್ಳೆಯ ಪ್ರಬಲ ಜೀನ್ ಮುಚ್ಚುವುದರಿಂದ ಹುರುಪು ಎನ್ನುವುದು ಪ್ರಾಬಲ್ಯ ಸಿದ್ಧಾಂತ; ಒಂದೇ ಜೀನ್‌ನ ಎರಡು ಭಿನ್ನ ರೂಪಗಳ ಜೋಡಿಯೇ ಒಂದೇ ರೂಪದ ಜೋಡಿಗಿಂತ ಮೇಲು ಎನ್ನುವುದು ಅತಿಪ್ರಾಬಲ್ಯ. ಮೆಕ್ಕೆಜೋಳದಲ್ಲಿ ತಕ್ಕಡಿ ಪ್ರಾಬಲ್ಯದ ಕಡೆಗೇ ವಾಲುತ್ತದೆ. ಪೂರ್ತಿ ಅಲ್ಲ.

1908ರಲ್ಲಿ ಅಮೆರಿಕದ ವಿಜ್ಞಾನಿ ಜಾರ್ಜ್ ಶಲ್ ಸ್ವಕೀಯ ಪರಾಗಸ್ಪರ್ಶದಿಂದ (ಗಿಡಕ್ಕೆ ಅದರದ್ದೇ ಪರಾಗ ಬೀಳಿಸುವುದರಿಂದ) ಸೊರಗಿದ ಸಾಲುಗಳನ್ನು ಕೂಡಿಸಿದಾಗ ಬಲ ಮರಳುವುದನ್ನು ವರದಿ ಮಾಡಿದರು. ಈ ಹುರುಪಿಗೆ ಹೆಟರೋಸಿಸ್ ಎಂಬ ಹೆಸರಿಟ್ಟದ್ದೂ ಅವರೇ, 1914ರಲ್ಲಿ. ಸೊರಗುವುದು ಏಕೆಂದರೆ, ಒಂದೊಂದು ಸ್ವಕೀಯ ಪೀಳಿಗೆಗೂ ಭಿನ್ನ ಜೋಡಿಗಳು ಅರ್ಧವಾಗುತ್ತವೆ. ಏಳನೆಯದಕ್ಕೆ ಉಳಿಯುವುದು 128ರಲ್ಲಿ ಒಂದು ಪಾಲು, ಶೇ 1ಕ್ಕಿಂತ ಕಡಿಮೆ. ಅಲ್ಲಿಯವರೆಗೆ ಒಳ್ಳೆಯ ಪ್ರಬಲ ಜೀನ್‌ನ ಮರೆಯಲ್ಲಿದ್ದ ಕೆಟ್ಟ ಅಪ್ರಬಲ ಜೀನ್‌ಗಳು ಜೋಡಿಯಾಗಿ ಹೊರಬೀಳುತ್ತವೆ. ಒಂದು ತಳಿಯಲ್ಲಿ ಕೆಟ್ಟಿರುವ ಜಾಗ ಇನ್ನೊಂದರಲ್ಲಿ ಸಾಮಾನ್ಯವಾಗಿ ಸರಿಯಿರುತ್ತದೆ. ಆದ್ದರಿಂದ ಎಫ್1ರಲ್ಲಿ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ.

ಹಾಗಿದ್ದರೆ ಒಳ್ಳೆಯದನ್ನೆಲ್ಲ ಒಂದೇ ಇನ್‌ಬ್ರೆಡ್‌ನಲ್ಲಿ ಸೇರಿಸಿ ಹೈಬ್ರಿಡ್ ಗೊಡವೆಯನ್ನೇ ಬಿಡಬಹುದಲ್ಲ ಎಂಬುದು ಹಳೆಯ ಆಕ್ಷೇಪ. ಬರೀ 30 ಜೀನ್ ಇದ್ದರೂ ಮೂವತ್ತರಲ್ಲೂ ಒಳ್ಳೆಯ ರೂಪವೇ ನೆಲೆನಿಂತ ತಳಿ ಸಿಗುವ ಸಂಭವ ಸುಮಾರು 107 ಕೋಟಿಗೆ ಒಂದು. ಇಳುವರಿಗೆ ಕೈಹಾಕುವ ಜೀನ್‌ಗಳು ಇನ್ನೂ ಎಷ್ಟೋ ಪಟ್ಟು. ಸಾಲದ್ದಕ್ಕೆ ಅವು 10 ಜೊತೆ ವರ್ಣತಂತುಗಳ ಮೇಲೆ ಅಂಟಿಕೊಂಡು ಕುಳಿತಿವೆ. ಈ ಅಂಟನ್ನು ಎತ್ತಿ ತೋರಿಸಿದವರು ಅಮೆರಿಕದ ತಳಿವಿಜ್ಞಾನಿ ಡೊನಾಲ್ಡ್ ಜೋನ್ಸ್, 1917ರಲ್ಲಿ.

ಈ ಅಂಟಿನಿಂದಲೇ ಗೊಂದಲ. ಒಂದು ವರ್ಣತಂತುವಿನ ತುಣುಕಿನಲ್ಲಿ ಒಳ್ಳೆಯ ‘ಕ’ ಪಕ್ಕದಲ್ಲಿ ಕೆಟ್ಟ ‘ಖ’, ಇನ್ನೊಂದರಲ್ಲಿ ಕೆಟ್ಟ ‘ಕ’ ಪಕ್ಕದಲ್ಲಿ ಒಳ್ಳೆಯ ‘ಖ’ ಇದೆ ಎನ್ನಿ. ಎರಡೂ ಕೂಡಿದ ಗಿಡ ಎರಡು ಪೋಷಕರನ್ನೂ ಮೀರಿಸುತ್ತದೆ. ಹೊರಗಿನಿಂದ ನೋಡಿದರೆ ಒಂದೇ ಜೀನ್ ಅತಿಪ್ರಾಬಲ್ಯ ತೋರಿಸಿದಂತೆ ಕಾಣುತ್ತದೆ. ಇದು ಹುಸಿ ಅತಿಪ್ರಾಬಲ್ಯ. ಎಫ್2ವನ್ನು ಹಲವು ಪೀಳಿಗೆ ಮನಬಂದಂತೆ ಕೂಡಲು ಬಿಟ್ಟು ಅಂಟು ಬಿಡಿಸಿ ಅಳೆದಾಗ ಆ ಅತಿಪ್ರಾಬಲ್ಯ ಇಳಿದು ಭಾಗಶಃ ಪ್ರಾಬಲ್ಯಕ್ಕೆ ಬಂದದ್ದು ಮೆಕ್ಕೆಜೋಳದಲ್ಲಿ ದಾಖಲಾಗಿದೆ. ವರ್ಣತಂತುವಿನ ನಡುಭಾಗದಲ್ಲಿ ತುಣುಕುಗಳ ಅದಲುಬದಲು ತೀರಾ ಕಡಿಮೆ, ಅಲ್ಲಿ ಅಂಟು ಬಿಡುವುದೇ ಕಷ್ಟ. ನಿಜವಾದ ಒಂಟಿ ಜೀನ್ ಅತಿಪ್ರಾಬಲ್ಯಕ್ಕೆ ಚೆನ್ನಾಗಿ ರುಜುವಾತಾದ ಉದಾಹರಣೆ ಟೊಮೆಟೊದ ಹೂಬಿಡುವಿಕೆಯ ಜೀನ್, 2010ರಲ್ಲಿ ಪ್ರಕಟವಾದದ್ದು. ಉತ್ತರಪತ್ರಿಕೆಯಲ್ಲಿ ಹುಸಿ ಅತಿಪ್ರಾಬಲ್ಯಕ್ಕೆ ಒಂದು ಪ್ಯಾರಾ ಮೀಸಲಿಡಿ, ಬಹಳ ಜನ ಅದನ್ನೇ ಬಿಡುತ್ತಾರೆ.

ಯಾವುದೋ ಎರಡು ತಳಿ ಕೂಡಿಸಿದರೆ ಹುರುಪು ಬರುವುದಿಲ್ಲ ಎಂಬುದೂ ನೆನಪಿರಲಿ. ಹತ್ತಿರದ ಸಂಬಂಧಿ ತಳಿಗಳಲ್ಲಿ ಕೊರತೆಗಳೂ ಒಂದೇ ಇರುತ್ತವೆ. ಅದಕ್ಕೇ ತಳಿವಿಜ್ಞಾನಿಗಳು ತಳಿಗಳನ್ನು ಗುಂಪು ಮಾಡಿ ಗುಂಪಿನಾಚೆಗೇ ಸಂಬಂಧ ಕೂಡಿಸುತ್ತಾರೆ; ಅಮೆರಿಕದ ಬಿ73 ಮತ್ತು ಎಂಒ17 ಇದರ ಹೆಸರಾಂತ ಜೋಡಿ. ಇನ್‌ಬ್ರೆಡ್ ತಳಿ ಪಡೆಯಲು ಏಳು ಪೀಳಿಗೆ ಕಾಯುವ ಕೆಲಸವನ್ನು ಎರಡು ಮೂರು ಹಂಗಾಮಿಗೆ ಇಳಿಸುವ ಡಬಲ್ ಹ್ಯಾಪ್ಲಾಯ್ಡ್ ವಿಧಾನಕ್ಕೆ ನಮ್ಮ ಕುಣಿಗಲ್‌ನಲ್ಲೇ 2021ರಿಂದ ಕೇಂದ್ರವಿದೆ.

ಹೈಬ್ರಿಡ್ ಜೋಳ ಅಂದರೆ ಜಿಎಂ ಜೋಳವೇ? ಮಕ್ಕಳಿಗೆ ಭುಟ್ಟಾ ಕೊಡಲು ಹೆದರಿಕೆ.
— ಓದುಗರು, ಡೊಂಬಿವಲಿ

ಅಲ್ಲ. ಹೈಬ್ರಿಡ್ ಎಂದರೆ ಒಂದು ಜೋಳದ ಪರಾಗವನ್ನು ಇನ್ನೊಂದು ಜೋಳದ ತೆನೆಗೆ ಬೀಳಿಸಿ ಪಡೆದದ್ದು, ಅಷ್ಟೇ. ಭಾರತದಲ್ಲಿ ಜಿಎಂ (ಕುಲಾಂತರಿ) ಮೆಕ್ಕೆಜೋಳವನ್ನು ವಾಣಿಜ್ಯವಾಗಿ ಬೆಳೆಯಲು ಅನುಮತಿಯೇ ಇಲ್ಲ.

ದೌಂಡ್ ಹತ್ತಿರ ಲಾವಣಿಗೆ ಹೊಲ ಮಾಡಿದ್ದೇನೆ. ಪಕ್ಕದವರದ್ದೂ ನನ್ನದೂ ಒಂದೇ ಬೀಜ, ಒಂದೇ ವಾರ ಬಿತ್ತನೆ. ನನ್ನ ತೆನೆ ಅವರದ್ದಕ್ಕಿಂತ ದಪ್ಪ, ಆದರೂ ಎಕರೆಗೆ ಏಳೆಂಟು ಕ್ವಿಂಟಲ್ ಕಡಿಮೆ. ಸಾಲಿನ ಅಂತರ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30.
— ಓದುಗರು, ದೌಂಡ್

ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. 60×30 ಅಂತರದಲ್ಲಿ ಎಕರೆಗೆ ಸುಮಾರು 22,500 ಗಿಡ. 60×20 ಆದರೆ ಸುಮಾರು 33,700. ಇಳುವರಿ ಅಂದರೆ ಗಿಡದ ಸಂಖ್ಯೆ, ತೆನೆಯ ಸಾಲು, ಸಾಲಿನ ಕಾಳು, ಕಾಳಿನ ತೂಕ ಇವುಗಳ ಗುಣಾಕಾರ. ನಿಮ್ಮ ತೆನೆಯಲ್ಲಿ 14 ಸಾಲು, ಸಾಲಿಗೆ 32 ಕಾಳು, ಕಾಳಿಗೆ 0.27 ಗ್ರಾಂ ಎಂದರೆ ತೆನೆಗೆ 121 ಗ್ರಾಂ, ಎಕರೆಗೆ 27 ಕ್ವಿಂಟಲ್. ಪಕ್ಕದವರ ತೆನೆ 105 ಗ್ರಾಂ ಇದ್ದರೂ 33,700 ಗಿಡದಿಂದ 35 ಕ್ವಿಂಟಲ್. ದಪ್ಪ ತೆನೆ ಕಣ್ಣಿಗೆ ಹಬ್ಬ, ಚೀಲಕ್ಕಲ್ಲ.

ಇದು ಬರೀ ದೌಂಡಿನ ಕಥೆಯಲ್ಲ. ಅಮೆರಿಕದ ಅಯೋವಾದಲ್ಲಿ 1930ರ ದಶಕದಲ್ಲಿ ಹೆಕ್ಟೇರಿಗೆ ಸುಮಾರು 30,000 ಗಿಡ ಹಾಕುತ್ತಿದ್ದರು, ಈಗ 80,000ದ ಆಸುಪಾಸು. ಹಳೆಯ, ಹೊಸ ಹೈಬ್ರಿಡ್‌ಗಳನ್ನು ವಿರಳವಾಗಿ ಬೆಳೆದರೆ ಗಿಡವೊಂದರ ಇಳುವರಿಯಲ್ಲಿ ದೊಡ್ಡ ವ್ಯತ್ಯಾಸವೇ ಕಾಣದು. ಹೊಸದರ ಹೆಚ್ಚುಗಾರಿಕೆ ಇರುವುದು ಇಕ್ಕಟ್ಟು, ಬರ, ಸಾರಜನಕದ ಕೊರತೆ ತಾಳಿಕೊಂಡು ತೆನೆ ಕಟ್ಟುವುದರಲ್ಲಿ. ಆ ಗುಣಕ್ಕೆ ದುಡ್ಡು ಕೊಟ್ಟು ವಿರಳವಾಗಿ ಬಿತ್ತಿದರೆ ಏನು ಬಂತು?

ಮೊಳಕೆಯಾದ ಎರಡು ವಾರಕ್ಕೆ ಗಿಡ ಎಣಿಸಿ. 60 ಸೆಂ.ಮೀ. ಸಾಲಾದರೆ 6.75 ಮೀಟರ್ ಉದ್ದದ ಹಗ್ಗ ಹಿಡಿದು ಅಷ್ಟರೊಳಗಿನ ಗಿಡ ಎಣಿಸಿ ಸಾವಿರದಿಂದ ಗುಣಿಸಿದರೆ ಎಕರೆಯ ಸಂಖ್ಯೆ. ಹೊಲದ ಐದು ಕಡೆ ಎಣಿಸಿ ಸರಾಸರಿ ತೆಗೆಯಿರಿ. ನೀರಾವರಿ ಇದ್ದರೆ 30ರ ಮೇಲೆ ಬರಬೇಕು. ಮಳೆಯನ್ನೇ ನಂಬಿದ ಹಗುರ ಮಣ್ಣಾದರೆ 25–27 ಸಾಕು. ಅಲ್ಲಿ ಒತ್ತಾಗಿಸಿದರೆ ತೆನೆಯ ರೇಷ್ಮೆ ಎಳೆ (ಪರಾಗ ಹಿಡಿಯುವ ಹೆಣ್ಣು ಎಳೆ) ತಡವಾಗಿ ಹೊರಬಂದು, ಅಷ್ಟರಲ್ಲಿ ಪರಾಗ ಮುಗಿದು, ತೆನೆಯ ತುದಿ ಬೋಳಾಗುತ್ತದೆ. ತುದಿ ಬೋಳಾದರೆ ಬೀಜವನ್ನು ಬೈಯುವ ಮೊದಲು ಸೂಲಂಗಿ ಬರುವ ಹಿಂದಿನ ಮುಂದಿನ ವಾರಗಳಲ್ಲಿ ನೀರು ಕೊಟ್ಟಿದ್ದಿರೋ ನೋಡಿ. ಗಿಡ ಹೆಚ್ಚಿಸಿದ ಮೇಲೆ ಯೂರಿಯಾವನ್ನು ಬಿತ್ತನೆಗೆ, ಮೊಣಕಾಲುದ್ದಕ್ಕೆ, ಸೂಲಂಗಿಗೆ ಎಂದು ಮೂರು ಕಂತು ಮಾಡಲೇಬೇಕು.

ತೂಕ ಹೋಲಿಸುವಾಗ ತೇವವನ್ನೂ ಕೇಳಿ. ಶೇ 25 ತೇವದ 32 ಕ್ವಿಂಟಲ್, ಶೇ 14ಕ್ಕೆ ಒಣಗಿದಾಗ 28 ಕ್ವಿಂಟಲ್ ಮಾತ್ರ.

ಹೈನಿಗೆ ಆಫ್ರಿಕನ್ ಟಾಲ್ ಮೇವಿನ ಜೋಳ ಹಾಕುತ್ತೇವೆ. ಇದರ ಬೀಜವನ್ನೂ ಪ್ರತಿವರ್ಷ ಕೊಳ್ಳಬೇಕೇ?
— ಓದುಗರು, ವಾಳಪೈ, ಗೋವಾ

ಬೇಕಿಲ್ಲ. ಅದು ಹೈಬ್ರಿಡ್ ಅಲ್ಲ, ಕಾಂಪೋಸಿಟ್. ಹಲವು ತಳಿಗಳು ಪೀಳಿಗೆಗಟ್ಟಲೆ ಬೆರೆತು ಒಂದು ಮಟ್ಟಕ್ಕೆ ನಿಂತಿವೆ; ಗಿಡಗಳ ಸಂಖ್ಯೆ ಸಾಕಷ್ಟಿದ್ದರೆ ಮುಂದೆ ಇಳಿಯುವುದಿಲ್ಲ. ತಪ್ಪುವುದು ಎಲ್ಲಿಯೆಂದರೆ, ನಾಲ್ಕು ಒಳ್ಳೆಯ ತೆನೆ ಎತ್ತಿಟ್ಟು ಅದರಿಂದಲೇ ಇಡೀ ಬೀಜ ಮಾಡುವುದರಲ್ಲಿ. ಎರಡು ಮೂರು ವರ್ಷಕ್ಕೆ ಒಳಸಂಬಂಧ ಹೆಚ್ಚಿ ಗಿಡ ಕುಗ್ಗುತ್ತದೆ. ಬೀಜಕ್ಕೆಂದೇ ಬೇರೆ ಮಡಿ ಮಾಡಿ, 60×20ರಲ್ಲಿ ಬಿತ್ತಿ, ಬೇರೆ ಜೋಳದಿಂದ 200 ಮೀಟರ್ ದೂರವಿಡಿ. ಅಂಚಿನ ಸಾಲು ಬಿಟ್ಟು ನಡುವಿನ ಕನಿಷ್ಠ 200 ಗಿಡಗಳಿಂದ ತೆನೆ ತೆಗೆದು ಪ್ರತಿ ತೆನೆಯಿಂದಲೂ ಸಮನಾಗಿ ಕಾಳು ಬೆರೆಸಿ.

ರಾಣೆಬೆನ್ನೂರು ಕಡೆ ನಮ್ಮ ಮಾವನವರು ಕಂಪನಿಗೆ ಬೀಜದ ಪ್ಲಾಟ್ ಮಾಡುತ್ತಾರೆ. ಸೂಲಂಗಿ ಕೀಳಲು ಆಳು ಸಿಗದೆ ಒದ್ದಾಟ. ಗಂಡು ಹೂ ಬಾರದ ತಳಿಯನ್ನೇ ಬಳಸಬಾರದೇ?
— ಓದುಗರು, ಪಿಂಪ್ರಿ

ಬಳಸಿ ಪೆಟ್ಟು ತಿಂದದ್ದೂ ಇದೆ. ಅಮೆರಿಕದಲ್ಲಿ ಟೆಕ್ಸಸ್ ಕೋಶದ್ರವ್ಯ (ಜೀವಕೋಶದೊಳಗೆ ನ್ಯೂಕ್ಲಿಯಸ್‌ನ ಹೊರಗಿನ ಭಾಗ) ಇರುವ, ಪರಾಗ ಬಾರದ ತಳಿಗಳು ಎಷ್ಟು ಹಬ್ಬಿದವೆಂದರೆ 1970ರ ಹೊತ್ತಿಗೆ ಅಲ್ಲಿನ ಸುಮಾರು ಶೇ 85 ಜೋಳದಲ್ಲಿ ಅದೇ ಇತ್ತು. ಆ ಕೋಶದ್ರವ್ಯವನ್ನೇ ಹುಡುಕಿ ಹೊಡೆಯುವ ಎಲೆ ಅಂಗಮಾರಿ ಬಂದು ಆ ವರ್ಷ ದೇಶದ ಬೆಳೆಯ ಸುಮಾರು ಶೇ 15 ಹೋಯಿತು. ನಿರೋಧಕತೆ ಇರುವ ಬೇರೆ ಕೋಶದ್ರವ್ಯಗಳು ಈಗ ಇವೆ, ಆದರೆ ಅದು ಕಂಪನಿ ಕೊಡುವ ಪೋಷಕ ತಳಿಯಲ್ಲೇ ಇರಬೇಕು, ಬೆಳೆಗಾರರ ಕೈಯಲ್ಲಿಲ್ಲ.

ಮಾವನವರ ಪ್ಲಾಟ್‌ನಲ್ಲಿ ನೋಡಬೇಕಾದದ್ದು: ಹೆಣ್ಣು ಸಾಲಿನ (ಪಕ್ಕದ ಗಂಡು ಸಾಲಿನ ಪರಾಗದಿಂದ ಬೀಜ ಕಟ್ಟಬೇಕಾದ ಸಾಲಿನ) ಸೂಲಂಗಿ ಪೂರ್ತಿ ಹೊರಬಂದು, ಪರಾಗ ಉದುರುವ ಮೊದಲು, ಬುಡದಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಬೇಗ ಎಳೆದರೆ ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ, ಅದೇ ಆಮೇಲೆ ಪರಾಗ ಬಿಡುತ್ತದೆ. ಜೊತೆಗೆ ಒಂದು ಎಲೆ ಬಂದರೆ ಪರವಾಗಿಲ್ಲ, ಮೂರು ನಾಲ್ಕು ಬಂದರೆ ಕಾಳು ಸೊರಗುತ್ತದೆ. ಬುಡದ ಮರಿಗಳಲ್ಲೂ ಸೂಲಂಗಿ ಬರುತ್ತದೆ, ಆಳುಗಳ ಕಣ್ಣು ತಪ್ಪುವುದು ಹೆಚ್ಚಾಗಿ ಅಲ್ಲೇ. ದಿನ ಬೆಳಿಗ್ಗೆ ಪರಾಗ ಉದುರುವ ಹೊತ್ತಿಗೆ ಮುಂಚೆ ಸಾಲು ಸುತ್ತಬೇಕು. ಭಾನುವಾರ, ಹಬ್ಬ ಎಂದು ಒಂದು ದಿನ ಬಿಟ್ಟರೂ ಹೆಣ್ಣು ತಳಿ ತನ್ನದೇ ಪರಾಗದಿಂದ ಕಟ್ಟಿದ ಕಾಳು ಬೀಜದ ಚೀಲ ಸೇರಿ, ಕೊಂಡವರ ಹೊಲದಲ್ಲಿ ಕುಳ್ಳ ಗಿಡವಾಗಿ ಏಳುತ್ತದೆ. ಪರಾಗಸ್ಪರ್ಶ ಮುಗಿದ ಕೂಡಲೇ ಗಂಡು ಸಾಲು ಕಡಿದು ಮೇವಿಗೆ ಹಾಕಿಸಿ. ಕೊಯ್ಲಿನವರೆಗೆ ನಿಲ್ಲಿಸಿಕೊಂಡರೆ ಅದರ ತೆನೆ ರಾಶಿಯಲ್ಲಿ ಬೆರೆಯುವ ಭಯ.