ಸತ್ತ ಕೋಲ್ಸನ್, ಬದುಕಿದ ಕೋಲ್ಸನ್

ಶಿವಮೊಗ್ಗದ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "2012ರ ಮಾರ್ವೆಲ್ ಸೂಪರ್‌ಹೀರೋ ಚಿತ್ರ ‘ದಿ ಅವೆಂಜರ್ಸ್’ನಲ್ಲಿ ಶೀಲ್ಡ್ ಎಂಬ ಗೂಢಚಾರ ಸಂಸ್ಥೆಯ ಏಜೆಂಟ್ ಕೋಲ್ಸನ್ ಸತ್ತಾಗ ನಿಜಕ್ಕೂ ಬೇಸರವಾಗಿತ್ತು. ಅದೇ ಮನುಷ್ಯ ಟೀವಿ ಸರಣಿಯಲ್ಲಿ ಸೂಟು ಹಾಕಿಕೊಂಡು ಆರಾಮಾಗಿ ಓಡಾಡುವುದನ್ನು ಮಗ ತೋರಿಸಿದ. ಆರು ಕಂತು ನೋಡಿ ಬಿಟ್ಟೆ, ಬರೀ ಎಳೆತ. ಅಭಿಮಾನಿಗಳು ಗಲಾಟೆ ಮಾಡಿದರೆಂದು ಸತ್ತವನನ್ನು ಎಬ್ಬಿಸುವುದು ಮೋಸವಲ್ಲವೇ? ಇವರ ಮಾತು ಕೇಳುತ್ತ ಹೋದರೆ ಯಾವ ಸೂಪರ್‌ಹೀರೋ ಕಥೆಯೂ ನೆಟ್ಟಗೆ ಉಳಿಯುವುದಿಲ್ಲ."

ಎಳೆತದ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅಲ್ಲಿ ನಿಮ್ಮ ದೂರು ಸರಿಯಾಗಿದೆ. ನೀವು ಹೇಳುವ ಟೀವಿ ಸರಣಿ ‘ಏಜೆಂಟ್ಸ್ ಆಫ್ ಶೀಲ್ಡ್’ 2013ರ ಸೆಪ್ಟೆಂಬರ್ 24ರಂದು ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾದಾಗ ಮೊದಲ ಕಂತನ್ನು ಅಲ್ಲಿ ಸುಮಾರು 1.2 ಕೋಟಿ ಜನ ನೋಡಿದ್ದರು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ ಅರ್ಧಕ್ಕೆ ಇಳಿಯಿತು. ಪಾತ್ರಗಳಲ್ಲಿ ಜೀವವಿಲ್ಲ, ಕೋಲ್ಸನ್ ತಂಡದ ಗ್ರಾಂಟ್ ವಾರ್ಡ್ ಅಂತೂ ಮರದ ಬೊಂಬೆ ಎಂದು ಅಭಿಮಾನಿಗಳೇ ಬೈದರು. ಆದರೆ ಬರಹಗಾರರಿಗೆ ಕೈಲಾಗದೆ ಹೀಗಾಯಿತು ಎಂದುಕೊಂಡರೆ ತಪ್ಪು. ಶೀಲ್ಡ್ ಸಂಸ್ಥೆಯೊಳಗೆ ಅದರ ಶತ್ರು ಸಂಘಟನೆ ಹೈಡ್ರಾ ತುಂಬಿಕೊಂಡಿದೆ ಎಂಬ ಗುಟ್ಟು ‘ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್’ ಚಿತ್ರದ್ದು. ಅದರ ಬಿಡುಗಡೆ 2014ರ ಏಪ್ರಿಲ್ 4ಕ್ಕೆ. ಅಲ್ಲಿಯವರೆಗೆ ಟೀವಿಯಲ್ಲಿ ಬಾಯಿ ಬಿಡುವಂತಿಲ್ಲ! ಹೆಸರಲ್ಲೇ ಶೀಲ್ಡ್ ಇರುವ ಸರಣಿ, ಶೀಲ್ಡ್‌ನ ಅತಿ ದೊಡ್ಡ ಘಟನೆಯನ್ನು ಬಚ್ಚಿಟ್ಟುಕೊಂಡು 16 ಕಂತು ತುಂಬಿಸಬೇಕಿತ್ತು. ವಾರಕ್ಕೊಂದು ವಿಚಿತ್ರ ವಸ್ತು, ವಾರಕ್ಕೊಬ್ಬ ಕಳ್ಳ ಬಂದದ್ದು ಹಾಗೆ.

ನಮ್ಮ ದೈನಿಕ ಧಾರಾವಾಹಿಯಾಗಿದ್ದರೆ ಗುರುವಾರದ ಟಿಆರ್‌ಪಿ ನೋಡಿ ಮುಂದಿನ ವಾರವೇ ಟ್ರ್ಯಾಕ್ ಬದಲಾಯಿಸುತ್ತಿದ್ದರು. ಶೂಟಿಂಗ್ ಪ್ರಸಾರಕ್ಕಿಂತ ಕೆಲವೇ ದಿನ ಮುಂದಿರುವುದರಿಂದ ಇಲ್ಲಿ ಅದು ಸಾಧ್ಯ. ಅಮೆರಿಕದ 22 ಕಂತಿನ ಸೀಸನ್‌ನಲ್ಲಿ ಚಿತ್ರಕಥೆ, ಚಿತ್ರೀಕರಣ, ಗ್ರಾಫಿಕ್ಸ್ ಎಲ್ಲ ಸೇರಿ ಪ್ರಸಾರಕ್ಕಿಂತ ಬಹಳ ಮುಂದೆ ನಡೆಯುತ್ತವೆ. ಐದನೇ ವಾರದಲ್ಲಿ ಅಭಿಮಾನಿ ಕೂಗಿಕೊಂಡರೂ ಪರಿಣಾಮ ತೆರೆಗೆ ಬರಲು ತಿಂಗಳುಗಳೇ ಬೇಕು.

ನೀವು ಬಿಟ್ಟ ಜಾಗ ಮಾತ್ರ ಸ್ವಲ್ಪ ಹೊಟ್ಟೆ ಉರಿಸುವಂಥದ್ದು. ಆರನೇ ಕಂತಿನಲ್ಲಿ ತಂಡದ ವಿಜ್ಞಾನಿ ಸಿಮನ್ಸ್‌ಗೆ ಅನ್ಯಗ್ರಹದ ಸೋಂಕು ತಗಲುತ್ತದೆ. ಉಳಿದವರ ಜೀವಕ್ಕೆ ಅಪಾಯವಾಗಬಾರದೆಂದು ಅವಳು ಹಾರುತ್ತಿರುವ ವಿಮಾನದಿಂದ ಜಿಗಿಯುತ್ತಾಳೆ. ಮದ್ದು ಹಿಡಿದು ಅವಳ ಹಿಂದೆಯೇ ಜಿಗಿದು ಉಳಿಸುವವನು ಅದೇ ಮರದ ಬೊಂಬೆ ವಾರ್ಡ್. 17ನೇ ಕಂತು ಪ್ರಸಾರವಾದದ್ದು ಚಿತ್ರ ಬಿಡುಗಡೆಯಾಗಿ ನಾಲ್ಕು ದಿನಕ್ಕೆ, ಏಪ್ರಿಲ್ 8ರಂದು. ಅದರ ಕೊನೆಯಲ್ಲಿ ಈ ವಾರ್ಡ್ ಪಿಸ್ತೂಲು ತೆಗೆದು ಕಾವಲಿನವರನ್ನೂ ಮೇಲಧಿಕಾರಿ ವಿಕ್ಟೋರಿಯಾ ಹ್ಯಾಂಡ್‌ಳನ್ನೂ ಕೊಂದು, ಹೈಡ್ರಾದ ಗ್ಯಾರೆಟ್‌ನನ್ನು ಬಿಡಿಸುತ್ತಾನೆ. 21ನೇ ಕಂತಿನಲ್ಲಿ ಸಿಮನ್ಸ್ ಮತ್ತು ಅವಳ ಜೊತೆ ವಿಜ್ಞಾನಿ ಫಿಟ್ಜ್ ಇಬ್ಬರನ್ನೂ ಪೆಟ್ಟಿಗೆಯಂಥ ಕೋಶದ ಸಮೇತ ವಿಮಾನದಿಂದ ಸಮುದ್ರಕ್ಕೆ ಬೀಳಿಸುವವನೂ ಇವನೇ. ಅಷ್ಟು ದಿನ ನಟ ಬ್ರೆಟ್ ಡಾಲ್ಟನ್‌ರ ಕೊರತೆ ಎಂದು ಎಲ್ಲರೂ ಬೈದ ನಿರ್ಭಾವ ಮುಖ, ಈಗ ನೋಡಿದರೆ ಗೂಢಚಾರನ ಮುಖವಾಡ. ‘ದಿ ಅವೆಂಜರ್ಸ್’ನಂಥ 143 ನಿಮಿಷದ ಸಿನಿಮಾದಲ್ಲಿ ಈ ಆಟ ಆಡಲಾಗದು. ಹತ್ತು ಹನ್ನೆರಡು ಗಂಟೆ ಒಬ್ಬನನ್ನು ನಂಬಿ ಮನೆಯವನಂತೆ ನೋಡಿದ ಮೇಲೆಯೇ ಆ ಗುಂಡು ನಮಗೆ ತಾಗುವುದು. ಟೀವಿ ಪಾತ್ರಗಳ ಬಗ್ಗೆ ಅಭಿಮಾನಿಗಳಿಗೆ ಸಿಟ್ಟೂ ಪ್ರೀತಿಯೂ ಜಾಸ್ತಿ ಇರುವುದು ಇದಕ್ಕೇ.

ಇನ್ನು ಕೋಲ್ಸನ್ ಎದ್ದುಬಂದದ್ದು ಮೋಸವೇ ಎಂಬ ಪ್ರಶ್ನೆ. ಅಭಿಮಾನಿಗಳು ‘ಕೋಲ್ಸನ್ ಬದುಕಿದ್ದಾನೆ’ ಎಂದು ಅಭಿಯಾನ ನಡೆಸಿದ್ದು ನಿಜ. ಆದರೆ ಆ ಸಾವಿನ ದೃಶ್ಯದ ಬೆನ್ನಿಗೇ ಬರುವುದನ್ನು ಮತ್ತೊಮ್ಮೆ ನೋಡಿ. ಕೋಲ್ಸನ್ ಜೋಪಾನ ಮಾಡಿದ್ದ ಕ್ಯಾಪ್ಟನ್ ಅಮೆರಿಕ ಕಾರ್ಡುಗಳನ್ನು ಶೀಲ್ಡ್ ಮುಖ್ಯಸ್ಥ ನಿಕ್ ಫ್ಯೂರಿ ಮೇಜಿನ ಮೇಲೆ ಎಸೆಯುತ್ತಾನೆ. ಅವುಗಳಿಗೆ ರಕ್ತ ಮೆತ್ತಿದೆ; ಸಾಯುವಾಗ ಅವನ ಜೇಬಿನಲ್ಲಿದ್ದವು ಎನ್ನುತ್ತಾನೆ. ಆಮೇಲೆ ಅವನ ಸಹಾಯಕಿ ಮರಿಯಾ ಹಿಲ್ ಫ್ಯೂರಿಗೆ ಹೇಳುತ್ತಾಳೆ, ಕಾರ್ಡುಗಳು ಇದ್ದದ್ದು ಲಾಕರಿನಲ್ಲಿ. ಅಂದರೆ ಅವೆಂಜರ್ಸ್‌ಗಳನ್ನು ಒಗ್ಗೂಡಿಸಲು ಫ್ಯೂರಿಯೇ ರಕ್ತ ಮೆತ್ತಿದ. ಆ ಸಾವಿನ ಸುತ್ತ ಮೊದಲ ಸುಳ್ಳು ಕಟ್ಟಿದ್ದು ಚಿತ್ರವೇ.

ಟೀವಿ ಸರಣಿ ಆ ಸಾವನ್ನು ಅಗ್ಗ ಮಾಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಟಹೀಟಿ ದ್ವೀಪದಲ್ಲಿ ವಿಶ್ರಾಂತಿ ಪಡೆದು ಬಂದೆ ಎಂದು ಕೋಲ್ಸನ್ ನಂಬಿರುತ್ತಾನೆ. 11ನೇ ಕಂತಿನಲ್ಲಿ, ತಾನು ದಿನಗಟ್ಟಲೆ ಸತ್ತೇ ಬಿದ್ದಿದ್ದೆ, ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ಮಾಡಿ ಎಬ್ಬಿಸಿ ನೆನಪನ್ನೇ ತಿದ್ದಿದ್ದಾರೆ ಎಂದು ತಿಳಿಯುತ್ತದೆ. 14ನೇ ಕಂತಿನಲ್ಲಿ ಅವನನ್ನು ಎಬ್ಬಿಸಿದ ಔಷಧದ ಮೂಲ ಕಾಣುತ್ತದೆ: ಕೊಳವೆಯೊಳಗಿಟ್ಟ ನೀಲಿ ಬಣ್ಣದ ಅನ್ಯಗ್ರಹ ಜೀವಿಯ ಅರ್ಧ ದೇಹ. ಸೀಸನ್ ಮುಗಿಯುವಷ್ಟರಲ್ಲಿ ಗೊತ್ತಾಗುವುದು ಇನ್ನೂ ಕಹಿ. ಸತ್ತವರನ್ನು ಎಬ್ಬಿಸುವ ಈ ಯೋಜನೆಯ ಮುಖ್ಯಸ್ಥ ಸ್ವತಃ ಕೋಲ್ಸನ್, ಇದನ್ನು ನಿಲ್ಲಿಸಿ ಎಂದು ಶಿಫಾರಸು ಮಾಡಿದವನೂ ಅವನೇ.

ನಿಜವಾದ ಲೋಪ ಬೇರೆ ಕಡೆ ಇದೆ. ಕೋಲ್ಸನ್ ಬದುಕಿರುವುದು ಮೊದಲ ಕಂತಿನಲ್ಲೇ ಮರಿಯಾ ಹಿಲ್‌ಗೆ ಗೊತ್ತು. 15ನೇ ಕಂತಿನಲ್ಲಿ ಅವೆಂಜರ್ ಥಾರ್‌ನ ಲೋಕವಾದ ಅಸ್ಗಾರ್ಡ್‌ನಿಂದ ಬಂದ ಯೋಧೆ ಸಿಫ್ ಅವನನ್ನು ಕಣ್ಣಾರೆ ಕಾಣುತ್ತಾಳೆ. ಆದರೂ ಯಾವ ಚಿತ್ರದಲ್ಲೂ ಅವೆಂಜರ್ಸ್‌ಗಳ ಕಿವಿಗೆ ಆ ಸುದ್ದಿ ಬೀಳಲಿಲ್ಲ. ಕೆವಿನ್ ಫೈಗಿ ನಡೆಸುವ ಮಾರ್ವೆಲ್ ಸ್ಟುಡಿಯೋಸ್ ಬೇರೆ, ಜೆಫ್ ಲೋಬ್ ನಡೆಸುತ್ತಿದ್ದ ಮಾರ್ವೆಲ್ ಟೆಲಿವಿಷನ್ ಬೇರೆ. 2015ರಲ್ಲಿ ಫೈಗಿ ನೇರವಾಗಿ ಡಿಸ್ನಿಯ ಚಿತ್ರ ವಿಭಾಗದ ಅಡಿಗೆ ಹೋದ ಮೇಲೆ ಅಂತರ ಇನ್ನೂ ಹೆಚ್ಚಿತು. ಎಲ್ಲವೂ ಒಂದಕ್ಕೊಂದು ಜೋಡಿಕೊಂಡಿವೆ ಎಂಬ ಪ್ರಚಾರ ಮುಂದುವರಿದರೂ ಸುದ್ದಿ ಹರಿದದ್ದು ಚಿತ್ರದಿಂದ ಟೀವಿಯ ಕಡೆಗೆ ಮಾತ್ರ. 2019ರಲ್ಲಿ ಬಂದ ಆರನೇ ಸೀಸನ್‌ನಲ್ಲಿ, ಚಿತ್ರಗಳಲ್ಲಿ ವಿಶ್ವದ ಅರ್ಧ ಜೀವಿಗಳನ್ನು ಅಳಿಸಿದ ಥಾನೋಸ್‌ನ ಚಿಟಿಕೆಯ ಪ್ರಸ್ತಾಪವೇ ಇಲ್ಲ. ‘ಕ್ಯಾಪ್ಟನ್ ಮಾರ್ವೆಲ್’ನಲ್ಲಿ ಕೋಲ್ಸನ್ ಮತ್ತೆ ಕಾಣಿಸಿಕೊಂಡರೂ ಆ ಕಥೆ ನಡೆಯುವುದು 1995ರಲ್ಲಿ, ಯಾರೂ ಏನೂ ವಿವರಿಸಬೇಕಾಗಿಲ್ಲದ ಕಾಲದಲ್ಲಿ. ಜಾಣತನವೇ ಸರಿ.

ಅಭಿಮಾನಿಗಳ ಮಾತು ಕೇಳಿದರೆ ಕಥೆ ಹಾಳು ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕುರುಡ ವಕೀಲನೊಬ್ಬ ಹೀರೋ ಆಗುವ ಮಾರ್ವೆಲ್ ಸರಣಿ ‘ಡೇರ್‌ಡೆವಿಲ್’ ನೋಡಿ. ಮೂರು ಸೀಸನ್, 39 ಕಂತುಗಳ ನಂತರ 2018ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಅದನ್ನು ನಿಲ್ಲಿಸಿತು. ಅಭಿಮಾನಿಗಳು ಪಟ್ಟು ಬಿಡಲಿಲ್ಲ. 2021ರ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ ಅದರ ನಾಯಕನಟ ಚಾರ್ಲಿ ಕಾಕ್ಸ್ ಅದೇ ವಕೀಲರಾಗಿ ಬಂದು, ಕಿಟಕಿ ಒಡೆದು ಬಂದ ಇಟ್ಟಿಗೆಯನ್ನು ತಿರುಗಿಯೂ ನೋಡದೆ ಹಿಡಿದರು. ಹೊಸ ಸರಣಿ ‘ಬಾರ್ನ್ ಅಗೇನ್’ಗೆ 18 ಕಂತು ಎಂದು ಘೋಷಣೆಯಾಯಿತು, ಹಳೆಯ ಜೊತೆಗಾರರಾದ ಕ್ಯಾರೆನ್, ಫಾಗಿ ಅದರಲ್ಲಿ ಇರಲಿಲ್ಲ. ಅಭಿಮಾನಿಗಳಿಗೆ ಅದೇ ಅಸಮಾಧಾನ. 2023ರಲ್ಲಿ ಹಾಲಿವುಡ್ ಮುಷ್ಕರದಿಂದ ಚಿತ್ರೀಕರಣ ನಿಂತಾಗ ಮಾರ್ವೆಲ್‌ನವರು ಆಗಿದ್ದಷ್ಟನ್ನು ನೋಡಿ, ಮುಖ್ಯ ಬರಹಗಾರರನ್ನೇ ಬದಲಾಯಿಸಿ, ಇಬ್ಬರನ್ನೂ ಮರಳಿ ಕರೆತಂದರು.

ತಂದ ಮೇಲೆ ಮಾಡಿದ್ದೇನು? ಮೊದಲ ಕಂತು ಶುರುವಾಗಿ ಸ್ವಲ್ಪ ಹೊತ್ತಿಗೇ ಖಳ ಬುಲ್ಸ್‌ಐನ ಗುಂಡಿಗೆ ಫಾಗಿ ಬಲಿ! ಅಭಿಮಾನಿ ಕೇಳಿದ ಮನುಷ್ಯನನ್ನು ಕೊಟ್ಟರು, ಕಥೆ ಯಾವ ದಿಕ್ಕಿಗೆ ಹೋಗಬೇಕೆಂಬ ಹಕ್ಕನ್ನು ಕೊಡಲಿಲ್ಲ. ಕೊನೆಗೆ ಮೊದಲ ಸೀಸನ್‌ನಲ್ಲಿ ಬಂದ ಒಂಬತ್ತು ಕಂತುಗಳಲ್ಲಿ 1, 8, 9 ಹೊಸ ತಂಡದವು, ನಡುವಿನವುಗಳ ಬಹುಪಾಲು ಹಳೆಯ ಚಿತ್ರೀಕರಣ. ಐದನೆಯದಾದ ಬ್ಯಾಂಕ್ ದರೋಡೆಯ ಕಂತು ನೋಡಿದರೆ ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ; ಅದನ್ನು ತೆಗೆದುಹಾಕಿದರೂ ಮುಖ್ಯ ಕಥೆಗೆ ಹೆಚ್ಚೇನೂ ಆಗದು. ಹಾಳಾಗಿದ್ದರೆ ಅದು ಎರಡು ತಂಡಗಳ ಕೆಲಸ ಸೇರಿಸಿದ್ದರಿಂದ, ಅಭಿಮಾನಿಗಳಿಂದಲ್ಲ.

‘ಏಜೆಂಟ್ಸ್ ಆಫ್ ಶೀಲ್ಡ್’ ಸರಣಿಯನ್ನು ಮತ್ತೆ ಹಿಡಿಯುವ ಮನಸ್ಸಿದ್ದರೆ ಹೀಗೆ ಮಾಡಿ. ಏಳನೇ ಕಂತಿನಿಂದ ಎಲ್ಲವನ್ನೂ ನೋಡುವ ತಾಳ್ಮೆ ಇಲ್ಲದಿದ್ದರೆ 7, 11, 13, 14, 16 ಸಾಕು. ಎಂಟನೆಯದು ‘ಥಾರ್: ದಿ ಡಾರ್ಕ್ ವರ್ಲ್ಡ್’ನ ಅವಶೇಷ ಗುಡಿಸುವುದರಿಂದ ಶುರುವಾಗುತ್ತದೆ, ಬಿಟ್ಟರೂ ನಡೆಯುತ್ತದೆ. 16 ಮುಗಿದ ಕೂಡಲೇ ನಿಲ್ಲಿಸಿ ‘ದಿ ವಿಂಟರ್ ಸೋಲ್ಜರ್’ ನೋಡಿ, ಆಮೇಲೆ 17. ಮೊದಲೇ 17 ನೋಡಿದರೆ ಚಿತ್ರದ ಗುಟ್ಟು ರಟ್ಟಾಗುತ್ತದೆ. ಅಲ್ಲಿಂದ 22ರವರೆಗೆ ಒಂದನ್ನೂ ಬಿಡಬೇಡಿ. ಇಷ್ಟಾದ ಮೇಲೂ ಎಳೆತ ಎನಿಸಿದರೆ ಇನ್ನೊಂದು ಪತ್ರ ಬರೆಯಿರಿ, ಪ್ರಕಟಿಸುತ್ತೇವೆ.

– ಸಂ.