ಮಗನ ಮನೆಯ ಮೇಲಿನ ರೂಮಿಗೆ ಬಿಸಿ ಗಾಳಿ ಬರುತ್ತಿಲ್ಲ

ಪ್ರಶ್ನೆ: ಮಂಡ್ಯದಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡಿದವನು ನಾನು. ಮಗ ಅಮೆರಿಕದ ಮಿನೆಸೋಟದಲ್ಲಿದ್ದಾನೆ. ಈಗ ಅಲ್ಲಿ ಮೈನಸ್ 15 ಡಿಗ್ರಿಯಂತೆ. ಗ್ಯಾಸ್ ಫರ್ನೇಸ್ ಓಡುತ್ತಿದೆ, ಕೆಳಗಡೆ ಬೆಚ್ಚಗಿದೆ, ಆದರೆ ಮಹಡಿಯಲ್ಲಿ ಮೊಮ್ಮಗಳ ರೂಮು ಕೊರೆಯುತ್ತದೆ. ಅಲ್ಲಿನ ಮೆಕ್ಯಾನಿಕ್ ಬಂದು ನೋಡದೆ ಫೋನಿನಲ್ಲೇ ‘ಜೋನ್ ಡ್ಯಾಂಪರ್ ಕಚ್ಚಿಕೊಂಡಿದೆ, ಪೂರ್ತಿ ಬದಲಾಯಿಸಬೇಕು’ ಅಂದನಂತೆ. ವಿಡಿಯೊ ಕಾಲ್‌ನಲ್ಲಿ ನಾನು ಹೇಳಿಕೊಟ್ಟು ಮಗನ ಕೈಯಲ್ಲಿ ನೋಡಿಸಬಹುದಾ?

ಉತ್ತರ: ಧಾರಾಳವಾಗಿ ನೋಡಿಸಿ ಸಾರ್. ಫೋನಿನಲ್ಲೇ ತೀರ್ಪು ಕೊಟ್ಟ ಮೆಕ್ಯಾನಿಕ್ ಮಾತು ನನಗೂ ಹಿಡಿಸಲಿಲ್ಲ.

ನಿಮ್ಮ ಕಡೆ ಮಾತಲ್ಲೇ ಹೇಳುತ್ತೇನೆ. ಗಾಳಿ ಕಾಯಿಸುವ ಫರ್ನೇಸ್ ಅಂದರೆ ಕೆಆರ್‌ಎಸ್, ಆ ಗಾಳಿ ಒಯ್ಯುವ ತಗಡಿನ ಡಕ್ಟ್ ಅಂದರೆ ವಿಸಿ ನಾಲೆ, ಮನೆಯ ಒಂದೊಂದು ಭಾಗಕ್ಕೆ, ಅಂದರೆ ಜೋನ್‌ಗೆ, ಗಾಳಿ ಬಿಡುವ ಡ್ಯಾಂಪರ್ ಅಂದರೆ ತೂಬು. ರೂಮಿನ ಥರ್ಮೋಸ್ಟಾಟ್ ಚಳಿ ಅಂತ ಕೂಗುತ್ತದೆ, ಫರ್ನೇಸ್ ಪಕ್ಕದ ಕಂಟ್ರೋಲ್ ಪ್ಯಾನಲ್ ನೀರುಗಂಟಿ ಥರ ಕೇಳಿಸಿಕೊಂಡು ಆ ಕಡೆಯ ತೂಬು ತೆಗೆಯುತ್ತದೆ. ತೂಬಿನ ಹಲಗೆಯೇ ಕಚ್ಚಿಕೊಂಡಿದೆಯೋ, ಎತ್ತುವ ಮೋಟಾರ್ ಸತ್ತಿದೆಯೋ, ಇಲ್ಲ ನೀರುಗಂಟಿ ಬಂದೇ ಇಲ್ಲವೋ? ಮೂರಕ್ಕೂ ರೂಮು ತಣ್ಣಗೇ ಇರುತ್ತದೆ, ಖರ್ಚು ಮಾತ್ರ ಬೇರೆ ಬೇರೆ.

ಮೊದಲು ಗಾಳಿ ಬರುವ ಜಾಲರಿ ಮುಂದೆ ಮಂಚ ಎಳೆದಿದ್ದಾರಾ ನೋಡಿಸಿ, ನಗಬೇಡಿ, ಇದು ಜಾಸ್ತಿ ಆಗುತ್ತದೆ. ಥರ್ಮೋಸ್ಟಾಟ್ ಬ್ಯಾಟರಿಯನ್ನೂ ನೋಡಲಿ.

ಆಮೇಲೆ ಮೇಲಿನ ಥರ್ಮೋಸ್ಟಾಟನ್ನು ನಾಲ್ಕೈದು ಡಿಗ್ರಿ ಏರಿಸಿ ಮಗ ಡ್ಯಾಂಪರ್ ಹತ್ತಿರ ಹೋಗಲಿ. ಎರಡು ನಿಮಿಷ ಕಾಯಬೇಕು. ಈ ಮೋಟಾರ್‌ಗಳು ನಿಧಾನ, ಕಾಲು ತಿರುವು ತಿರುಗೋಕೆ ಕೆಲವಕ್ಕೆ ಒಂದು ನಿಮಿಷವೇ ಬೇಕು. ಅಲ್ಲಾಡದಿದ್ದರೆ ಮೋಟಾರಿನ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಡಲಿ. 24 ವೋಲ್ಟ್ ಎಸಿ ಇರಬೇಕು. ಮೀಟರನ್ನು ಡಿಸಿಯಲ್ಲಿ ಇಟ್ಟು ‘ಸೊನ್ನೆ ಅಪ್ಪಾ’ ಅಂತ ಕೂಗಿದರೆ ನಂಬಬೇಡಿ. ಮೂರು ವೈರಿನ ಮೋಟಾರ್ ಆದರೆ ತೆರೆಯೋಕೆ, ಮುಚ್ಚೋಕೆ ಎರಡಕ್ಕೂ ಕರೆಂಟ್ ಬೇಕು. ಎರಡೇ ವೈರಿದ್ದರೆ ಸಾಮಾನ್ಯವಾಗಿ ಒಳಗೆ ಸ್ಪ್ರಿಂಗ್ ಇರುತ್ತದೆ. ಕರೆಂಟ್ ಹೋದರೆ ಕೆಲವು ತಾನಾಗೇ ತೆರೆಯುತ್ತವೆ, ಕೆಲವು ಮುಚ್ಚುತ್ತವೆ. ಯಾವುದು ಅಂತ ಮೋಟಾರ್ ಮೇಲಿನ ಚೀಟಿಯಲ್ಲಿರುತ್ತದೆ, ಅದನ್ನು ಓದದೆ ಸೊನ್ನೆ ವೋಲ್ಟಿಗೆ ಅರ್ಥ ಕಟ್ಟಬೇಡಿ.

ಬರಬೇಕಾದ ವೋಲ್ಟೇಜ್ ಬರದಿದ್ದರೆ ಡ್ಯಾಂಪರ್‌ದು ತಪ್ಪಿಲ್ಲ. ಪ್ಯಾನಲ್ಲಿನ ಫ್ಯೂಸ್, ಟ್ರಾನ್ಸ್‌ಫಾರ್ಮರ್, ಸಡಿಲ ವೈರು ಹುಡುಕಿ.

ವೋಲ್ಟೇಜ್ ಬಂದೂ ಅಲ್ಲಾಡದಿದ್ದರೆ ಅಸಲಿ ಪರೀಕ್ಷೆ. ಫರ್ನೇಸ್ ಸ್ವಿಚ್ ಆಫ್ ಮಾಡಿಸಿ, ಮೋಟಾರನ್ನು ಹಲಗೆಯ ಶಾಫ್ಟ್‌ನಿಂದ ಬಿಚ್ಚಿಸಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಲಿ. ಸುಲಭವಾಗಿ ತಿರುಗಿದರೆ ಹಲಗೆ ಚೆನ್ನಾಗಿದೆ, ಮೋಟಾರ್ ಮಾತ್ರ ಬದಲಾಯಿಸಿದರೆ ಸಾಕು. ಮೋಟಾರ್ ತಿರುಗುತ್ತಿದ್ದು ಶಾಫ್ಟ್ ಸುಮ್ನೆ ನಿಂತಿದ್ದರೆ ಹಿಡಿಯುವ ಸ್ಕ್ರೂ ಸಡಿಲ, ಬಿಗಿ ಮಾಡಿದರೆ ಆಯ್ತು. ಅರ್ಧಕ್ಕೆ ಟಕ್ ಅಂತ ನಿಂತರೆ ಒಳಗೆ ಏನೋ ತಡೆಯುತ್ತಿದೆ. ಮೈಸೂರಿನ ಒಂದು ಬಟ್ಟೆ ಅಂಗಡಿಯ ಡಕ್ಟ್ ಎಸಿಯಲ್ಲಿ ನಾನು ಇದನ್ನೇ ನೋಡಿದೆ. ಅವರು ಆಗಲೇ ಎರಡು ಮೋಟಾರ್ ಬದಲಾಯಿಸಿದ್ದರು. ಬಿಚ್ಚಿ ಟಾರ್ಚ್ ಬಿಟ್ಟರೆ, ಡಕ್ಟ್ ಜೋಡಿಸುವಾಗ ಹಾಕಿದ್ದ ಉದ್ದ ಸ್ಕ್ರೂ ಮೂತಿ ಹಲಗೆಗೆ ಉಜ್ಜಿ ಹೊಳೆಯುವ ಗೆರೆ ಬಿದ್ದಿತ್ತು. ಆ ಜಾಗಕ್ಕೆ ಗಿಡ್ಡ ಸ್ಕ್ರೂ ಹಾಕಿದೆ, ಮುಗೀತು.

24 ವೋಲ್ಟ್‌ಗೆ ಹೆದರಬೇಕಿಲ್ಲ, ಆದರೆ ಟ್ರಾನ್ಸ್‌ಫಾರ್ಮರ್ ಆಚೆ ಬದಿಯಲ್ಲಿ 120 ವೋಲ್ಟ್ ಇರುತ್ತದೆ, ಅದನ್ನು ಮಗ ಮುಟ್ಟಬಾರದು. ಗ್ಯಾಸ್ ವಾಸನೆ ಬಂದರೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೆ ಎಲ್ಲ ಬಿಟ್ಟು ಮನೆಯಿಂದ ಹೊರಗೆ ಓಡಲಿ.

ಹೊಸ ಮೋಟಾರ್ ಬರುವವರೆಗೆ ಹಲಗೆಯನ್ನು ಕೈಯಲ್ಲೇ ಪೂರ್ತಿ ತೆರೆದು, ಅಲ್ಲಾಡದ ಹಾಗೆ ಟೇಪ್ ಸುತ್ತಿಡಲಿ. ಶಾಫ್ಟ್ ತುದಿಯಲ್ಲಿ ಗೆರೆ ಇದ್ದರೆ ಅದು ಸಾಮಾನ್ಯವಾಗಿ ಹಲಗೆಯ ದಿಕ್ಕನ್ನೇ ತೋರಿಸುತ್ತದೆ, ಡಕ್ಟ್ ಉದ್ದಕ್ಕೆ ಇದ್ದರೆ ತೆರೆದಿದೆ ಅಂತ. ಮೇಲಿನ ರೂಮಿಗೆ ಬಿಸಿ ಹೋಗಲಿ ಅಂತ ಕೆಳಗಿನ ಜಾಲರಿಗಳನ್ನೆಲ್ಲ ಮುಚ್ಚಬೇಡಿ, ಗಾಳಿ ಹೋಗಲು ದಾರಿ ಸಾಲದೆ ಫರ್ನೇಸ್ ಕಾದು ತಾನೇ ಬಂದ್ ಆಗುತ್ತದೆ, ಆಗ ಇಡೀ ಮನೆಯೇ ತಣ್ಣಗಾದೀತು.