ಓದುಗರ ಪ್ರಶ್ನೆ: ಮೊದಲ ಆಸ್ಕರ್‌ನಲ್ಲಿ ಮಾತಿನ ಚಿತ್ರಗಳೇಕಿರಲಿಲ್ಲ?

ಪ್ರಶ್ನೆ: 1929ರ ಹೊತ್ತಿಗೆ ಹಾಲಿವುಡ್‌ನಲ್ಲಿ ಟಾಕಿ ಚಿತ್ರಗಳು ಬಂದಾಗಿದ್ದರೂ ಮೊದಲ ಆಸ್ಕರ್ ಸಮಾರಂಭದಲ್ಲಿ ಮೂಕಿ ಚಿತ್ರಗಳೇ ಗೆದ್ದದ್ದು ಹೇಗೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಸಮಾರಂಭ ನಡೆದದ್ದು 1929ರ ಮೇ 16ರಂದು, ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನ ಔತಣಕೂಟದಲ್ಲಿ. ಆದರೆ ಪರಿಗಣಿಸಿದ್ದು 1927ರ ಆಗಸ್ಟ್‌ನಿಂದ 1928ರ ಜುಲೈವರೆಗಿನ ಚಿತ್ರಗಳನ್ನು. ಆ ಅವಧಿಯಲ್ಲಿ ಮೂಕಿ ಚಿತ್ರಗಳದೇ ಮೇಲುಗೈ. ಮಾತು ಮತ್ತು ಹಾಡುಗಳಿಂದ ಸಂಚಲನ ಮೂಡಿಸಿದ್ದ ‘ದಿ ಜಾಝ್ ಸಿಂಗರ್’ ಚಿತ್ರವನ್ನು ಮೂಕಿ ಚಿತ್ರಗಳೊಂದಿಗೆ ಸ್ಪರ್ಧೆಗಿಳಿಸುವುದು ನ್ಯಾಯವಲ್ಲವೆಂದು ಶ್ರೇಷ್ಠ ಚಿತ್ರದ ವಿಭಾಗದಿಂದ ಹೊರಗಿಟ್ಟು, ಅದನ್ನು ನಿರ್ಮಿಸಿದ ವಾರ್ನರ್ ಬ್ರದರ್ಸ್ ಸಂಸ್ಥೆಗೆ ವಿಶೇಷ ಪ್ರಶಸ್ತಿ ನೀಡಲಾಯಿತು. ಈ ನಿರ್ಧಾರ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಮುಖಭಾವ ಮತ್ತು ಬೆಳಕಿನಿಂದಲೇ ಕಥೆ ಹೇಳುತ್ತಿದ್ದ ಕಲೆಯನ್ನು ಧ್ವನಿಯ ಹೊಸತನದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ವಿಜೇತರ ಹೆಸರುಗಳು ಮೂರು ತಿಂಗಳು ಮೊದಲೇ ಪ್ರಕಟವಾಗಿದ್ದರಿಂದ ಪ್ರದಾನ ಸುಮಾರು 15 ನಿಮಿಷಗಳಲ್ಲೇ ಮುಗಿಯಿತು.

ಅಂದಿನ ಒಂದು ಪ್ರಶಸ್ತಿಯನ್ನು ವಿಶೇಷವಾಗಿ ಗಮನಿಸಬೇಕು. ಮೂಕಿ ಚಿತ್ರಗಳಲ್ಲಿ ದೃಶ್ಯಗಳ ನಡುವೆ, ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ, ಪಾತ್ರಗಳ ಮಾತನ್ನು ಬರೆದು ತೋರಿಸುತ್ತಿದ್ದರು. ಆ ಬರಹಕ್ಕಾಗಿಯೇ ಮೀಸಲಾದ ಪ್ರಶಸ್ತಿಯನ್ನು ಜೋಸೆಫ್ ಫಾರ್ನಮ್ ಪಡೆದರು. ಪಾತ್ರಗಳೇ ಮಾತನಾಡತೊಡಗಿದ ಮೇಲೆ ಆ ಕಸುಬಿಗೇ ಎಡೆಯಿಲ್ಲದಂತಾಗಿ, ಆ ವಿಭಾಗವನ್ನು ಮತ್ತೆಂದೂ ನೀಡಲಿಲ್ಲ.

ಮರುವರ್ಷವೇ ಟಾಕಿ ಚಿತ್ರವಾದ ‘ದಿ ಬ್ರಾಡ್‌ವೇ ಮೆಲೊಡಿ’ ಶ್ರೇಷ್ಠ ಚಿತ್ರವೆನಿಸಿತು. 1930ರ ನವೆಂಬರ್‌ನಲ್ಲಿ ನಡೆದ ಮೂರನೆಯ ಸಮಾರಂಭದಲ್ಲಿ ಧ್ವನಿಮುದ್ರಣಕ್ಕೆಂದೇ ಪ್ರತ್ಯೇಕ ಪ್ರಶಸ್ತಿ ಆರಂಭವಾಗಿ, ಅದು ‘ದಿ ಬಿಗ್ ಹೌಸ್’ ಚಿತ್ರಕ್ಕಾಗಿ ಡಗ್ಲಸ್ ಶಿಯರರ್ ಅವರಿಗೆ ಸಂದಿತು. ಅವರ ಸಹೋದರಿ ನಾರ್ಮಾ ಶಿಯರರ್ ಅದೇ ಸಮಾರಂಭದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು.